ಕಬ್ಬಿನ ರಸ, ಏಳುನೂರು ತರಂಗಾಂತರ, ಒಂದು ಪೋಲ್

ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬ್‌ನಲ್ಲಿ, ನವೆಂಬರ್‌ನಿಂದ ಮಾರ್ಚ್‌ವರೆಗಿನ ಒಂದು ಹಂಗಾಮು ಪೂರ್ತಿ, ಕಬ್ಬಿನ ರಸದ ಪೋಲ್ ಅನ್ನು ಎನ್‌ಐಆರ್ ಯಂತ್ರದಲ್ಲಿ (ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕನ್ನು ರಸದೊಳಗೆ ಹಾಯಿಸಿ ನೋಡುವ ಯಂತ್ರ) ಓದುವ ಮಾಡೆಲ್ ಕಟ್ಟಿದೆವು. ಪೋಲ್ ಅಂದರೆ ಪೋಲಾರಿಮೀಟರ್ (ಸಕ್ಕರೆ ಬೆಳಕಿನ ಕಂಪನದ ದಿಕ್ಕನ್ನು ಎಷ್ಟು ತಿರುಗಿಸುತ್ತದೆ ಅಂತ ಅಳೆಯುವ ಉಪಕರಣ) ತೋರಿಸುವ ಸಕ್ಕರೆ ಶೇಕಡಾ. ಬ್ರಿಕ್ಸ್ ಅಂದರೆ ರಸದಲ್ಲಿ ಕರಗಿದ ಒಟ್ಟು ಘನಾಂಶ. ನೂರು ಬ್ರಿಕ್ಸ್‌ಗೆ ಪೋಲ್ ಎಷ್ಟು ಅನ್ನುವುದೇ ಪ್ಯೂರಿಟಿ. ಈ ಮೂರು ಪದ ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ಯಂತ್ರ 1100ರಿಂದ 2498 ನ್ಯಾನೋಮೀಟರ್‌ವರೆಗೆ 2 ನ್ಯಾನೋಮೀಟರ್‌ಗೊಂದು ಓದು ಕೊಡುತ್ತದೆ. ಒಂದು ರಸಕ್ಕೆ 700 ಸಂಖ್ಯೆ, ಎಲ್ಲೆಲ್ಲಿ ಎಷ್ಟು ಬೆಳಕು ಹೀರಿತು ಅನ್ನುವ ಆ ಗೆರೆಯೇ ರಸದ ಸ್ಪೆಕ್ಟ್ರಮ್. ಮಾದರಿಗಳು 180: ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ, ರಾಯಬಾಗ, ಮೂಡಲಗಿ, ಗೋಕಾಕ ತಾಲ್ಲೂಕುಗಳಿಂದ ತಲಾ 30. ಸಾಲು 180, ಕಾಲಂ 700. ಈ ಲೆಕ್ಕದಲ್ಲಿ ಎಂಥ ಸುಳ್ಳು ಮಾಡೆಲ್ ಬೇಕಾದರೂ ಚಂದ ಕಾಣುತ್ತದೆ. 700ರಲ್ಲಿ ಯಾವ ತರಂಗಾಂತರಗಳನ್ನು ಇಟ್ಟುಕೊಳ್ಳಬೇಕು ಅಂತ ಆರಿಸುವಾಗ, ಮಾಡೆಲ್ ಪರೀಕ್ಷಿಸುವಾಗ ಎಲ್ಲಿ ಎಡವುತ್ತಾರೆ, ಯಾಕೆ ಎಡವುತ್ತಾರೆ ಅನ್ನುವುದನ್ನೇ ಹೆಚ್ಚಾಗಿ ಬರೆದಿದ್ದೇನೆ. ನಮ್ಮ ಅಂಕಿಗಳನ್ನು ಓದಲು ಸುಲಭವಾಗಲೆಂದು ದುಂಡಾಗಿಸಿದ್ದೇನೆ.

ಮೊದಲು ರಸ. ಒಂದು ಹೊಲದಿಂದ ಐದು ಕಬ್ಬು, ವಾಡೆ (ಮೇಲಿನ ಸೋಗೆ) ತೆಗೆದು, ಬುಡದ ಮಣ್ಣು ಒರೆಸಿ, ಲ್ಯಾಬ್‌ನ ಸಣ್ಣ ಗಾಣದಲ್ಲಿ ಅರೆದು, ಬಟ್ಟೆಯಲ್ಲಿ ಸೋಸಿ, ನೊರೆ ಇಳಿಯಲು ಹತ್ತು-ಹದಿನೈದು ನಿಮಿಷ ಬಿಡುತ್ತಿದ್ದೆವು. ಅರ್ಧ ಗಂಟೆಯೊಳಗೆ ಸ್ಕ್ಯಾನ್ ಮುಗಿಯಬೇಕು. ತಡವಾದರೆ ರಸ ಹುಳಿಯಾಗತೊಡಗುತ್ತದೆ, ಯಂತ್ರ ಓದಿದ ರಸವೇ ಬೇರೆ, ಪೋಲಾರಿಮೀಟರ್ ಓದಿದ ರಸವೇ ಬೇರೆ ಆಗುತ್ತದೆ. ಸ್ಕ್ಯಾನ್‌ಗೆ ರಸ ತುಂಬುವುದು 1 ಮಿಲಿಮೀಟರ್ ದಪ್ಪದ ಸೆಲ್‌ಗೆ, ಅದರ ಉಷ್ಣತೆ 30 ಡಿಗ್ರಿಗೆ ಕಟ್ಟಿಟ್ಟದ್ದು. ಉಷ್ಣತೆ ಏರಿದರೆ ನೀರಿನ ಅಣುಗಳ ನಡುವಿನ ಹೈಡ್ರೋಜನ್ ಬಂಧ ಸಡಿಲವಾಗಿ, ನೀರಿನ ಪಟ್ಟಿ, ಅಂದರೆ ನೀರು ಬೆಳಕು ಹೀರುವ ಜಾಗ, ಕಡಿಮೆ ತರಂಗಾಂತರದ ಕಡೆ ಸರಿಯುತ್ತದೆ. ಡಿಸೆಂಬರ್ ಬೆಳಗಿನ ರಸಕ್ಕೂ ಮಾರ್ಚ್ ಮಧ್ಯಾಹ್ನದ ರಸಕ್ಕೂ ಇರುವ ಬಿಸಿಯ ಅಂತರವನ್ನು ಮಾಡೆಲ್ ಸಕ್ಕರೆ ಎಂದು ತಿಳಿಯುವುದು ಬಹಳ ಸುಲಭ, ಯಾಕೆಂದರೆ ಕಬ್ಬು ಮಾಗುವುದೂ ಅದೇ ಅವಧಿಯಲ್ಲಿ. ಸೆಲ್‌ಗೆ ಬಿಸಿ ಕಟ್ಟದೆ ಕಟ್ಟಿದ ಮಾಡೆಲ್ ಅರ್ಧಂಬರ್ಧ ಥರ್ಮಾಮೀಟರ್.

ಪ್ರತಿ ರಸಕ್ಕೂ ಮೂರು ಸಲ ಸೆಲ್ ತುಂಬಿ ಮೂರು ಸ್ಕ್ಯಾನ್. ಒಟ್ಟು 540 ಸ್ಪೆಕ್ಟ್ರಮ್. ಈ ಮೂರರ ಗುಣಾಕಾರ ಮುಂದೆ ತೊಂದರೆ ಕೊಟ್ಟಿತು.

ಪೋಲ್‌ಗೆ ಲ್ಯಾಬ್‌ನ ಹಳೆಯ ಪದ್ಧತಿಯೇ: ರಸಕ್ಕೆ ಸೀಸದ ಸಬ್‌ಅಸಿಟೇಟ್ ಪುಡಿ ಹಾಕಿ ಅಲ್ಲಾಡಿಸಿ, ಫಿಲ್ಟರ್ ಪೇಪರಿನಲ್ಲಿ ಸೋಸಿ, ಮೊದಲು ಇಳಿದ ಒಂದಿಷ್ಟನ್ನು ಚೆಲ್ಲಿ, ತಿಳಿಯನ್ನು 200 ಮಿಲಿಮೀಟರ್ ಕೊಳವೆಗೆ ತುಂಬಿ ಓದುವುದು. ಪುಡಿ ಹೆಚ್ಚಾದರೆ ಓದು ತಪ್ಪುತ್ತದೆ, ಕಡಿಮೆಯಾದರೆ ತಿಳಿ ಬರುವುದಿಲ್ಲ. 880 ನ್ಯಾನೋಮೀಟರ್ ಸುಮಾರಿನ ಬೆಳಕಿನಲ್ಲಿ ಓದುವ ಪೋಲಾರಿಮೀಟರ್ ಇದ್ದರೆ ಬಣ್ಣ ಅಡ್ಡ ಬರುವುದಿಲ್ಲ, ಸೀಸದ ವಿಷವನ್ನೂ ಮೋರಿಗೆ ಬಿಡಬೇಕಿಲ್ಲ. ದುಡ್ಡಿದ್ದವರು ಎನ್‌ಐಆರ್ ಯಂತ್ರಕ್ಕಿಂತ ಮೊದಲು ಅದನ್ನು ಕೊಳ್ಳಲಿ ಅಂತ ನನ್ನ ಅಭಿಪ್ರಾಯ.

ಮಾಡೆಲ್ ಶುರು ಮಾಡುವ ಮೊದಲೇ ಲ್ಯಾಬ್ ತನ್ನೊಂದಿಗೆ ತಾನು ಎಷ್ಟು ಒಪ್ಪುತ್ತದೆ ಅಂತ ನೋಡಬೇಕು. 20 ರಸಗಳನ್ನು ಎರಡೆರಡು ಡಬ್ಬಿಗೆ ಹಂಚಿ, ಗುರುತು ಬದಲಿಸಿ, ಯಾವುದರ ಜೋಡಿ ಯಾವುದು ಅಂತ ಹೇಳದೆ ಕೊಟ್ಟೆವು. ಜೋಡಿಗಳ ವ್ಯತ್ಯಾಸವನ್ನು ವರ್ಗ ಮಾಡಿ ಕೂಡಿಸಿ, ಜೋಡಿಗಳ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಲ್ಯಾಬ್ ದೋಷ ಸಿಗುತ್ತದೆ. ನಮಗೆ ಬಂದದ್ದು ಸುಮಾರು 0.15 ಪೋಲ್. ಈ ಸಂಖ್ಯೆಯನ್ನು ಗೋಡೆ ಮೇಲೆ ಬರೆದಿಡಿ. ಅದೇ ಲ್ಯಾಬ್ ಓದಿನ ಎದುರು ಪರೀಕ್ಷಿಸಿಕೊಳ್ಳುವ ಯಾವ ಮಾಡೆಲ್ಲೂ ಪ್ರಾಮಾಣಿಕವಾಗಿ ಇದಕ್ಕಿಂತ ಕೆಳಗೆ ಹೋಗಲಾರದು.

ಇನ್ನು ಸ್ಪೆಕ್ಟ್ರಮ್. 1940 ನ್ಯಾನೋಮೀಟರ್ ಸುತ್ತ ನೀರು ಬೆಳಕನ್ನೆಲ್ಲ ಕುಡಿದುಬಿಡುತ್ತದೆ. 1 ಮಿಲಿಮೀಟರ್ ಸೆಲ್‌ನಲ್ಲಿ ಅಲ್ಲಿ ಡಿಟೆಕ್ಟರ್‌ಗೆ ತಲುಪುವುದು ಏನೂ ಇಲ್ಲವೆನ್ನುವಷ್ಟು. ಕಾಣುವುದು ಬರೀ ಗದ್ದಲ. 2400ರ ಆಚೆಯೂ ಹಾಗೆಯೇ. ಒಂದೇ ರಸದ ಮೂರು ಸ್ಕ್ಯಾನ್‌ಗಳನ್ನು ಒಂದರ ಮೇಲೊಂದು ಬಿಡಿಸಿ ನೋಡಿದರೆ ಎಲ್ಲಿ ಗೆರೆಗಳು ಕೂದಲು ಕೆದರಿದ ಹಾಗೆ ಆಗುತ್ತವೆ ಅಂತ ಕಣ್ಣಿಗೇ ತಿಳಿಯುತ್ತದೆ. 1880ರಿಂದ 2020, ಮತ್ತು 2400ರಿಂದ ಕೊನೆಯವರೆಗೆ ಕತ್ತರಿಸಿದೆವು. ಹೋದದ್ದು 121 ಬಿಂದು, ಉಳಿದದ್ದು 579. ಇದೂ ವೇರಿಯಬಲ್ (ಕಾಲಂ) ಆಯ್ಕೆಯೇ, ಆದರೆ ಪೋಲ್ ಅಂಕಿಯನ್ನು ನೋಡದೆ ಭೌತಶಾಸ್ತ್ರ ನೋಡಿ ಮಾಡಿದ ಆಯ್ಕೆ. ಹಾಗಾಗಿ ಎಲ್ಲ ಮಾದರಿಗಳ ಮೇಲೂ ಒಮ್ಮೆಗೇ ಮಾಡಬಹುದು, ಮೋಸವಿಲ್ಲ.

ಕತ್ತರಿಸುವ ಕೆಲಸ ಯಾವಾಗ ಮಾಡುತ್ತೀರಿ ಅನ್ನುವುದು ಮುಖ್ಯ. ರಸದ ಕೆಸರು ಬೆಳಕನ್ನು ಚದುರಿಸುವುದರಿಂದ ಎಸ್‌ಎನ್‌ವಿ ಹಾಕುತ್ತೇವೆ: ಪ್ರತಿ ಸ್ಪೆಕ್ಟ್ರಮ್‌ನಿಂದ ಅದರದೇ ಸರಾಸರಿ ಕಳೆದು, ಅದರದೇ ಸ್ಟ್ಯಾಂಡರ್ಡ್ ಡೀವಿಯೇಶನ್‌ನಿಂದ ಭಾಗಿಸುವುದು. 1940ರ ಗದ್ದಲವನ್ನು ಒಳಗಿಟ್ಟುಕೊಂಡೇ ಎಸ್‌ಎನ್‌ವಿ ಹಾಕಿದರೆ ಆ ಗದ್ದಲ ಸರಾಸರಿಯೊಳಗೆ ಸೇರಿ, ಅಲ್ಲಿಂದ ಎಲ್ಲ ತರಂಗಾಂತರಗಳಿಗೂ ಹಂಚಿಹೋಗುತ್ತದೆ. ಆಮೇಲೆ ಕತ್ತರಿಸಿದರೂ ವಾಸನೆ ಉಳಿದಿರುತ್ತದೆ. ನಾವು ಮೊದಲು ಮಾಡಿದ್ದು ಹೀಗೆಯೇ. ಸಕ್ಕರೆಯ ಪಟ್ಟಿಗಳಲ್ಲಿ ಮೂರು ಸ್ಕ್ಯಾನ್‌ಗಳು ಕಚ್ಚಾ ಸ್ಥಿತಿಯಲ್ಲಿದ್ದದ್ದಕ್ಕಿಂತ ಎಸ್‌ಎನ್‌ವಿ ಆದಮೇಲೆ ಹೆಚ್ಚು ದೂರವಾದಾಗ ಗೊತ್ತಾಯಿತು. ಮೊದಲು ಕತ್ತರಿ, ಆಮೇಲೆ ಎಸ್‌ಎನ್‌ವಿ, ಕೊನೆಗೆ ಸಾವಿಟ್ಸ್‌ಕಿ-ಗೋಲೆ ಮೊದಲ ಡೆರಿವೇಟಿವ್ (ಗೆರೆಯನ್ನು ನುಣುಪಾಗಿಸಿ ಅದರ ಇಳಿಜಾರು ತೆಗೆಯುವುದು): 15 ಬಿಂದುಗಳ ಕಿಟಕಿ, ಎರಡನೇ ದರ್ಜೆಯ ಪಾಲಿನಾಮಿಯಲ್. ಕತ್ತರಿಸಿದ ಎರಡು ತುಂಡುಗಳನ್ನು ಅಂಟಿಸಿ ಡೆರಿವೇಟಿವ್ ತೆಗೆಯಬೇಡಿ, ಜೋಡಣೆಯ ಜಾಗದಲ್ಲಿ ಇಲ್ಲದ ಶಿಖರ ಏಳುತ್ತದೆ, ಆಯ್ಕೆಯ ಪ್ರೋಗ್ರಾಂ ಅದನ್ನೇ ಹಿಡಿದುಕೊಳ್ಳುತ್ತದೆ. ತುಂಡು ತುಂಡಾಗಿ ತೆಗೆದು, ಪ್ರತಿ ತುದಿಯಲ್ಲಿ 7 ಬಿಂದು ಬಿಟ್ಟುಬಿಡಿ. ನಮಗೆ ಉಳಿದದ್ದು 376 ಮತ್ತು 175, ಒಟ್ಟು 551.

ಎಸ್‌ಎನ್‌ವಿ ಬದಲು ಎಂಎಸ್‌ಸಿ (ಅದೇ ಚದುರಿಕೆಯನ್ನು ತಿದ್ದುವ ಇನ್ನೊಂದು ವಿಧಾನ) ಬಳಸುವವರಿಗೆ ಒಂದು ಮಾತು: ಎಂಎಸ್‌ಸಿಗೆ ಎಲ್ಲ ಮಾದರಿಗಳ ಸರಾಸರಿ ಸ್ಪೆಕ್ಟ್ರಮ್ ಬೇಕು. ಆ ಸರಾಸರಿಯಲ್ಲಿ ಪರೀಕ್ಷೆಯ ಮಾದರಿಗಳು ಸೇರಬಾರದು. ಎಸ್‌ಎನ್‌ವಿಗೆ ಈ ಚಿಂತೆಯಿಲ್ಲ.

ಇಷ್ಟಾದ ಮೇಲೆ 540 ಸಾಲುಗಳನ್ನೂ ಸಾಫ್ಟ್‌ವೇರ್‌ಗೆ ಕೊಟ್ಟು, 10 ಪಾಲಿನ ಕ್ರಾಸ್ ವ್ಯಾಲಿಡೇಶನ್ (ಸಾಲುಗಳನ್ನು 10 ಪಾಲು ಮಾಡಿ, 9ರಲ್ಲಿ ಕಲಿಸಿ ಉಳಿದ ಒಂದರಲ್ಲಿ ಪರೀಕ್ಷಿಸುವುದು, ಸರದಿಯಂತೆ) ಒತ್ತಿದೆವು. ದೋಷ 0.12 ಬಂತು. ಲ್ಯಾಬ್‌ನಲ್ಲಿ ಖುಷಿಯೋ ಖುಷಿ. ಗೋಡೆ ಮೇಲಿನ 0.15 ನೋಡಿದ ಮೇಲೆ ಖುಷಿ ಇಳಿಯಿತು. ಲ್ಯಾಬ್ ತನ್ನ ಓದಿಗೆ ತಾನೇ 0.15 ತಪ್ಪುವಾಗ ಮಾಡೆಲ್ 0.12ಕ್ಕೆ ಹೇಗೆ ಹೋಯಿತು? ಒಂದೇ ರಸದ ಮೂರು ಸ್ಕ್ಯಾನ್‌ಗಳಲ್ಲಿ ಎರಡು ಕಲಿಕೆಯ ಪಾಲಿಗೆ, ಒಂದು ಪರೀಕ್ಷೆಯ ಪಾಲಿಗೆ ಹೋಗಿದ್ದವು. ಮೂರಕ್ಕೂ ಅದೇ ಪೋಲ್ ಅಂಕಿ, ಅದರೊಳಗಿನ ಲ್ಯಾಬ್ ತಪ್ಪೂ ಅದೇ. ಮಾಡೆಲ್ ಆ ತಪ್ಪನ್ನೂ ಬಾಯಿಪಾಠ ಮಾಡಿ ಒಪ್ಪಿಸಿತ್ತು. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ಹುಡುಗ ನೂರಕ್ಕೆ ನೂರು ತೆಗೆದ ಹಾಗೆ.

ಮೂರನ್ನೂ ಸರಾಸರಿ ಮಾಡಿ ಒಂದೇ ಸಾಲು ಮಾಡಿದೆವು. ಅದೂ ಸಾಲದು. ಒಂದೇ ದಿನ, ಒಂದೇ ಊರಿಂದ, ಒಂದೇ ಟೋಳಿ ಕಡಿದು ತಂದ ಕಬ್ಬು ಅಕ್ಕಪಕ್ಕದ ಹೊಲದ್ದಾದರೂ ಅಣ್ಣತಮ್ಮಂದಿರೇ: ಅದೇ ತಳಿ, ಅದೇ ಲಾವಣಿ (ನಾಟಿ) ತಿಂಗಳು, ಅದೇ ಕಾಲುವೆ ನೀರು. ಆದ್ದರಿಂದ ಪಾಲುಗಳನ್ನು ತಾಲ್ಲೂಕಿನ ಪ್ರಕಾರ ಮಾಡಿದೆವು. ಐದು ತಾಲ್ಲೂಕಲ್ಲಿ ಕಲಿತು ಆರನೆಯದರಲ್ಲಿ ಪರೀಕ್ಷೆ. ದೋಷ 0.34ಕ್ಕೆ ಏರಿತು. ಅದೇ ರಸ, ಅದೇ ಯಂತ್ರ. ಕೇಳಿದ ಪ್ರಶ್ನೆ ಮಾತ್ರ ಬೇರೆ. ಕಾರ್ಖಾನೆಗೆ ಬೇಕಾದ ಪ್ರಶ್ನೆ ಎರಡನೆಯದು, ಯಾಕೆಂದರೆ ನಾಳೆ ಬರುವ ಟ್ರ್ಯಾಕ್ಟರ್ ನಮ್ಮ ಪಟ್ಟಿಯಲ್ಲಿ ಇಲ್ಲದ ಹೊಲದ್ದು.

1969ರಿಂದ ಬಳಕೆಯಲ್ಲಿರುವ ಕೆನಾರ್ಡ್-ಸ್ಟೋನ್ ವಿಧಾನದಿಂದ ಮಾದರಿಗಳನ್ನು ಕಲಿಕೆಗೆ, ಪರೀಕ್ಷೆಗೆ ಒಡೆಯುವ ರೂಢಿ ಬಹಳ. ಅದು ಅಂಚಿನ ಮಾದರಿಗಳನ್ನೆಲ್ಲ ಮೊದಲು ಕಲಿಕೆಗೆ ಎತ್ತಿಕೊಳ್ಳುತ್ತದೆ. ಪರೀಕ್ಷೆಗೆ ಉಳಿಯುವುದು ನಡುವಿನ ಸುಲಭದ ಮಾದರಿಗಳು. ಯಾವ ರಸಗಳನ್ನು ಲ್ಯಾಬ್‌ಗೆ ಕಳಿಸಬೇಕು ಅಂತ ಆರಿಸಲು ಒಳ್ಳೆಯದು, ಮಾಡೆಲ್‌ನ ಯೋಗ್ಯತೆ ಅಳೆಯಲು ಅಲ್ಲ.

ಈಗ ಆಯ್ಕೆಯ ಮಾತು. 551ರಲ್ಲಿ ಯಾವುದನ್ನು ಇಟ್ಟುಕೊಳ್ಳುವುದು? ಇಲ್ಲಿಯ ದೊಡ್ಡ ತಪ್ಪು ಇದು: ಎಲ್ಲ 180 ಮಾದರಿಗಳ ಪೋಲ್ ನೋಡಿ ಒಳ್ಳೆಯ ತರಂಗಾಂತರಗಳನ್ನು ಆರಿಸಿಕೊಂಡು, ಆಮೇಲೆ ಆ ಆಯ್ದ ಕಾಲಂಗಳ ಮೇಲೆ ಕ್ರಾಸ್ ವ್ಯಾಲಿಡೇಶನ್ ಮಾಡುವುದು. ಪರೀಕ್ಷೆಗೆ ಕೂರುವ ಮಾದರಿ ಆಯ್ಕೆಯ ಸಮಿತಿಯಲ್ಲಿ ಈಗಾಗಲೇ ಓಟು ಹಾಕಿ ಬಂದಿರುತ್ತದೆ. ನಂಬಿಕೆ ಬರದಿದ್ದರೆ ಎಕ್ಸೆಲ್‌ನಲ್ಲೇ ನೋಡಬಹುದು. 60 ಸಾಲು, 700 ಕಾಲಂ, ಎಲ್ಲದಕ್ಕೂ ರ‍್ಯಾಂಡಮ್ ಸಂಖ್ಯೆ ತುಂಬಿ. ಪೋಲ್ ಕಾಲಂಗೂ ರ‍್ಯಾಂಡಮ್ ಸಂಖ್ಯೆಯೇ. ಸಂಬಂಧ ಏನೂ ಇಲ್ಲ. ಆದರೂ 700ರಲ್ಲಿ ಒಂದೆರಡು ಕಾಲಂಗಳ ಕೋರಿಲೇಶನ್ 0.4ರ ಆಸುಪಾಸು ಬರುತ್ತದೆ, ಬರೀ ಸಂಖ್ಯೆ ಹೆಚ್ಚಿದ್ದುದರಿಂದ. ಮೇಲಿನ 10 ಕಾಲಂ ಆರಿಸಿ, ಒಂದೊಂದು ಸಾಲು ಹೊರಗಿಟ್ಟು ವ್ಯಾಲಿಡೇಶನ್ ಮಾಡಿದರೆ ಆರ್-ಸ್ಕ್ವೇರ್ (1 ಅಂದರೆ ಪೂರ್ತಿ ಸರಿ, ಸೊನ್ನೆ ಅಂದರೆ ಏನೂ ಹೇಳಲಾಗಲಿಲ್ಲ) 0.4ರ ಹತ್ತಿರ ಬಂದು ಕೂರುತ್ತದೆ. ಆಯ್ಕೆಯನ್ನು ಪ್ರತಿ ಸಲವೂ ಹೊರಗಿಟ್ಟ ಸಾಲನ್ನು ಬಿಟ್ಟೇ ಮಾಡಿ ನೋಡಿ, ಸೊನ್ನೆಗೋ ಸೊನ್ನೆಯ ಕೆಳಗೋ ಬೀಳುತ್ತದೆ. ಸತ್ಯ ಅದೇ.

ಹಾಗಾಗಿ ಎರಡು ಸುತ್ತಿನ ವ್ಯವಸ್ಥೆ. ಹೊರಸುತ್ತಿನಲ್ಲಿ ಒಂದು ತಾಲ್ಲೂಕನ್ನು ಕಟ್ಟಿಟ್ಟು ಬೀಗ ಹಾಕಿ. ಉಳಿದ ಐದರೊಳಗೆ ಒಳಸುತ್ತು: ನಾಲ್ಕರಲ್ಲಿ ಕಲಿತು ಐದನೆಯದರಲ್ಲಿ ನೋಡುತ್ತ, ಯಾವ ಪಟ್ಟಿಗಳು, ಎಷ್ಟು ಪಿಎಲ್‌ಎಸ್ ಘಟಕಗಳು ಅಂತ ತೀರ್ಮಾನಿಸಿ (ಪಿಎಲ್‌ಎಸ್ ಅಂದರೆ ನೂರಾರು ಕಾಲಂಗಳನ್ನು ಕೆಲವೇ ಘಟಕಗಳಿಗೆ ಇಳಿಸಿ ಪೋಲ್ ಹೇಳುವ ಲೆಕ್ಕ). ತೀರ್ಮಾನ ಪಕ್ಕಾ ಆದಮೇಲೆ ಬೀಗ ತೆಗೆದು ಆರನೆಯ ತಾಲ್ಲೂಕಿನ 30 ರಸಗಳಿಗೆ ಒಂದೇ ಒಂದು ಸಲ ಪೋಲ್ ಹೇಳಿಸಿ, ಬರೆದುಕೊಂಡು ಮುಂದಿನ ತಾಲ್ಲೂಕಿಗೆ ಹೋಗಿ. ಆಯ್ಕೆ, ಘಟಕಗಳ ಸಂಖ್ಯೆ, ಎಂಎಸ್‌ಸಿ ಸರಾಸರಿ, ಔಟ್‌ಲೈಯರ್ ತೆಗೆಯುವುದು, ಪೋಲ್ ಅಂಕಿಯ ಕಡೆ ಒಮ್ಮೆಯಾದರೂ ಕಣ್ಣು ಹಾಯಿಸಿ ಮಾಡುವ ಎಲ್ಲವೂ ಬೀಗ ತೆಗೆಯುವ ಮೊದಲೇ, ಆ ಐದು ತಾಲ್ಲೂಕುಗಳೊಳಗೇ ಆಗಬೇಕು.

ಔಟ್‌ಲೈಯರ್ ವಿಷಯದಲ್ಲಿ ಕೈ ತುರಿಸುತ್ತದೆ. ದೂರ ಬಿದ್ದ ಚುಕ್ಕೆ ಅಳಿಸಿದರೆ ದೋಷ ಕೂಡಲೇ ಇಳಿಯುತ್ತದೆ. ನಾವು ಇಟ್ಟುಕೊಂಡ ನಿಯಮ: ಲ್ಯಾಬ್ ವಹಿಯಲ್ಲಿ ಕಾರಣ ಸಿಕ್ಕರೆ ಮಾತ್ರ ತೆಗೆಯುವುದು. ಎರಡು ಕಡೆ ಡಬ್ಬಿ ನಂಬರ್ ಅದಲುಬದಲಾಗಿದ್ದು ವಹಿಯಲ್ಲೇ ಸಿಕ್ಕಿತು. ಒಂದಕ್ಕೆ ಏನೂ ಕಾರಣ ಸಿಗಲಿಲ್ಲ, ಅದು ಇವತ್ತಿಗೂ ಚಿತ್ರದಲ್ಲಿ ಒಂಟಿಯಾಗಿ ಕೂತಿದೆ.

ಆಯ್ಕೆಗೆ ಮೂರು ದಾರಿ ನೋಡಿದೆವು. ವಿಐಪಿ ಅಂಕ (ಪಿಎಲ್‌ಎಸ್ ಮಾಡೆಲ್‌ನಲ್ಲಿ ಒಂದೊಂದು ತರಂಗಾಂತರಕ್ಕೆ ಎಷ್ಟು ಮಹತ್ವ ಅಂತ ಹೇಳುವ ಅಂಕ) 1ಕ್ಕಿಂತ ಮೇಲಿದ್ದರೆ ಇಟ್ಟುಕೋ ಅನ್ನುವುದು ಮೊದಲನೆಯದು. ಎಲ್ಲ ವಿಐಪಿಗಳ ವರ್ಗದ ಸರಾಸರಿ 1 ಆಗಿರುತ್ತದೆ, ಹಾಗಾಗಿ 1 ಅನ್ನುವುದು ಸರಾಸರಿಯ ಗೆರೆ ಮಾತ್ರ, ಅದರಲ್ಲಿ ಮಂತ್ರವಿಲ್ಲ. ನಮಗದು ನೀರಿನ 1450ರ ಪಟ್ಟಿಯನ್ನು ಮೇಲೆತ್ತಿ ತೋರಿಸಿತು: ಸಕ್ಕರೆ ಹೆಚ್ಚಾದರೆ ನೀರು ಕಡಿಮೆ, ಅಷ್ಟೇ. 2009ರಲ್ಲಿ ಬಂದ ಕಾರ್ಸ್ ಎರಡನೆಯದು. ಅದು ರ‍್ಯಾಂಡಮ್ ಆಗಿ ಮಾದರಿಗಳನ್ನು ಎತ್ತುತ್ತ ಕಾಲಂಗಳನ್ನು ಕಡಿಯುತ್ತ ಹೋಗುತ್ತದೆ. ಒಂದು ಸಲ ಓಡಿಸಿದರೆ 14 ಬಿಂದು, ಮತ್ತೊಮ್ಮೆ ಓಡಿಸಿದರೆ ಬೇರೆಯೇ 19. ನೂರು ಸಲ ಓಡಿಸಿ 70ಕ್ಕಿಂತ ಹೆಚ್ಚು ಸಲ ಬಂದದ್ದನ್ನು ಮಾತ್ರ ನಂಬಿದರೆ ಒಂದಿಷ್ಟು ಸ್ಥಿರವಾಗುತ್ತದೆ. ಆದರೆ ಬಿಡಿ ಬಿಡಿ ಬಿಂದುಗಳ ಮೇಲೆ ನಿಂತ ಮಾಡೆಲ್‌ಗೆ ಇನ್ನೊಂದು ಅಪಾಯ: ಲ್ಯಾಂಪ್ ಬದಲಿಸಿದಾಗ, ರಿಪೇರಿ ಆದಾಗ ಯಂತ್ರದ ತರಂಗಾಂತರ ಅರ್ಧ-ಒಂದು ನ್ಯಾನೋಮೀಟರ್ ಸರಿದರೂ ಸಾಕು, ಡೆರಿವೇಟಿವ್‌ನ ಇಳಿಜಾರಿನಲ್ಲಿ ನಿಂತ ಬಿಂದು ಬೇರೆಯೇ ಅಂಕಿ ಕೊಡುತ್ತದೆ.

ನಾವು ಉಳಿಸಿಕೊಂಡದ್ದು ಮೂರನೆಯದು, 2000ದ ಐಪಿಎಲ್‌ಎಸ್. (ಕ್ರಿಕೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ, ಲ್ಯಾಬ್‌ನ ಹುಡುಗರಿಗೆ ಮೂರು ಸಲ ಹೇಳಬೇಕಾಯಿತು.) ಸ್ಪೆಕ್ಟ್ರಮ್ ಅನ್ನು ಪಟ್ಟಿಗಳಾಗಿ ಹೋಳು ಮಾಡುವುದು: ನಮ್ಮಲ್ಲಿ 25 ಬಿಂದುಗಳ, ಅಂದರೆ 50 ನ್ಯಾನೋಮೀಟರ್ ಅಗಲದ, ಮೊದಲ ತುಂಡಿನಲ್ಲಿ 15, ಎರಡನೆಯದರಲ್ಲಿ 7, ಒಟ್ಟು 22 ಪಟ್ಟಿ. ಅತಿ ಒಳ್ಳೆಯ ಒಂದು ಪಟ್ಟಿ ಹುಡುಕಿ, ಅದಕ್ಕೆ ಎರಡನೆಯದು ಸೇರಿಸಿ, ಹೀಗೆ ನಾಲ್ಕರವರೆಗೆ. 22, 21, 20, 19 ಸೇರಿ 82 ಪ್ರಯತ್ನ. ಒಳಗೆ 5, ಹೊರಗೆ 6 ಸುತ್ತು, ಒಟ್ಟು 2,460 ಸಲ ಪಿಎಲ್‌ಎಸ್. ಸಾಧಾರಣ ಲ್ಯಾಪ್‌ಟಾಪ್‌ಗೂ ಇದು ಭಾರವಲ್ಲ. ಘಟಕಗಳ ಸಂಖ್ಯೆಗೆ ಅತಿ ಕಡಿಮೆ ದೋಷದ ಬೆನ್ನು ಹತ್ತಬೇಡಿ. ಅದರಿಂದ ಒಂದು ಸ್ಟ್ಯಾಂಡರ್ಡ್ ಎರರ್ ಒಳಗಿರುವ ಅತಿ ಚಿಕ್ಕ ಸಂಖ್ಯೆ ತೆಗೆದುಕೊಳ್ಳಿ. ನಮಗೆ 9ರ ಬದಲು 5 ಸಾಕಾಯಿತು.

ಆರು ಹೊರಸುತ್ತುಗಳಲ್ಲಿ ಆರು ಬೇರೆ ಆಯ್ಕೆಗಳು ಬರುತ್ತವೆ. ಯಾವುದು ನಿಜವಾದದ್ದು ಅಂತ ಎಲ್ಲರೂ ಕೇಳುತ್ತಾರೆ. ಯಾವುದೂ ಅಲ್ಲ. ಆರು ಸುತ್ತು ಅಳೆಯುವುದು ನಿಮ್ಮ ಆಯ್ಕೆಯ ವಿಧಾನವನ್ನು, ಒಂದು ನಿರ್ದಿಷ್ಟ ಪಟ್ಟಿಯನ್ನಲ್ಲ. ಬಳಕೆಯ ಮಾಡೆಲ್‌ಗಾಗಿ ಅದೇ ವಿಧಾನವನ್ನು ಕೊನೆಗೊಮ್ಮೆ 180ರ ಮೇಲೂ ಓಡಿಸಬೇಕು. ಆದರೆ ಆರರಲ್ಲಿ ಯಾವುದು ಮತ್ತೆ ಮತ್ತೆ ಬಂತು ಅಂತ ನೋಡುವುದು ಲಾಭ. 2270–2290 ಸುತ್ತಲಿನ ಕಾರ್ಬನ್-ಹೈಡ್ರೋಜನ್ ಪಟ್ಟಿ ಆರಕ್ಕೆ ಆರರಲ್ಲೂ, 1690 ಸುತ್ತಲಿನದು ಐದರಲ್ಲಿ, 2100ರದ್ದು ನಾಲ್ಕರಲ್ಲಿ ಬಂದವು. ಸಕ್ಕರೆ ಇರಬೇಕಾದ ಜಾಗಗಳೇ. 1150ರ ಹತ್ತಿರದ ಒಂದು ಪಟ್ಟಿ ಒಂದೇ ಸಲ ಬಂತು, ಅದು ಅದೃಷ್ಟದ ಅತಿಥಿ.

ಅದೃಷ್ಟ ಎಷ್ಟು ದೂರ ಒಯ್ಯಬಲ್ಲದು ಅಂತ ತಿಳಿಯಲು ಪೋಲ್ ಕಾಲಂ ಅನ್ನು ಕಲಸಿ ಇಡೀ ಕೆಲಸವನ್ನು ಮೊದಲಿಂದ ಕೊನೆಯವರೆಗೆ 199 ಸಲ ಮಾಡಿಸಿದೆವು. ಆಯ್ಕೆಯೂ ಪ್ರತಿ ಸಲ ಹೊಸದಾಗಿ ಆಗಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ಸುಮಾರು 4.9 ಲಕ್ಷ ಪಿಎಲ್‌ಎಸ್, ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ನೋಡುವ ಕೆಲಸ. ಒಂದು ಸಲವೂ ಕಲಸಿದ ಅಂಕಿ ನಮ್ಮ ಅಂಕಿಯನ್ನು ಮುಟ್ಟದಿದ್ದರೆ ಸಂಭಾವ್ಯತೆ 200ಕ್ಕೆ 1, ಅಂದರೆ 0.005.

ಇಷ್ಟೆಲ್ಲ ಕಾವಲು ದಾಟಿಯೂ ಒಂದು ಕಳ್ಳ ಒಳಗಿದ್ದ. ಅವನು ಸಿಕ್ಕಿದ್ದು ಫೆಬ್ರುವರಿಯಲ್ಲಿ, ಯಾರ್ಡ್‌ನಲ್ಲಿ ಟ್ರ್ಯಾಕ್ಟರ್ ಸಾಲು ಕಟ್ಟಿದಾಗ. "ಸರ, ಈ ಕಬ್ಬ ಕಡದ ಐದ ದಿನಾ ಆಗೇತ್ರಿ, ಮಿಷನ್ ಹದಿನೆಂಟ ಅಂತೈತಿ, ಹೆಂಗರೀ?" ಅಂದರು ಕೆಮಿಸ್ಟ್. ಪೋಲಾರಿಮೀಟರ್ 16.6 ಅನ್ನುತ್ತಿತ್ತು. ತಾಜಾ ಕಬ್ಬಿನಲ್ಲಿ ಪೋಲ್ ಮತ್ತು ಬ್ರಿಕ್ಸ್ ಜೋಡಿ ಎತ್ತಿನ ಹಾಗೆ ಕೂಡಿ ಏರುತ್ತವೆ, ಕೂಡಿ ಇಳಿಯುತ್ತವೆ. ಮಾಡೆಲ್ ಬ್ರಿಕ್ಸ್ ಓದಿ ಪೋಲ್ ಎಂದು ಹೇಳಿದರೂ ಯಾವ ವ್ಯಾಲಿಡೇಶನ್ನೂ ಹಿಡಿಯುವುದಿಲ್ಲ, ಆರು ತಾಲ್ಲೂಕಲ್ಲೂ ಅದೇ ಜೋಡಿ. ಕಡಿದ ಕಬ್ಬು ಬಿಸಿಲಿಗೆ ಬಿದ್ದರೆ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ನೀರೂ ಆರುತ್ತದೆ. ಬ್ರಿಕ್ಸ್ ಮೇಲೆ, ಪೋಲ್ ಕೆಳಗೆ. ಮಾಡೆಲ್‌ನ ತಪ್ಪನ್ನು ಪ್ಯೂರಿಟಿಯ ಎದುರು ಚುಕ್ಕೆ ಇಟ್ಟು ನೋಡಿದೆವು. ಚೆಲ್ಲಾಪಿಲ್ಲಿಯಾಗಿ ಇರಬೇಕಿದ್ದ ಚುಕ್ಕೆಗಳು ಇಳಿಜಾರಿನ ಗೆರೆಯಾಗಿ ನಿಂತಿದ್ದವು: ಪ್ಯೂರಿಟಿ ಕಡಿಮೆಯಾದಷ್ಟೂ ಮಾಡೆಲ್ ಹೆಚ್ಚು ಹೇಳುತ್ತಿತ್ತು. ಈ ಒಂದು ಚಿತ್ರವನ್ನು ಮೊದಲ ವಾರದಲ್ಲೇ ಬಿಡಿಸಬೇಕಿತ್ತು.

ಔಷಧ ಅಂದರೆ ಜೋಡಿ ಮುರಿಯುವುದು. ಒಂದೇ ಹೊಲದ ಕಬ್ಬನ್ನು ಕಡಿದ ದಿನ, ಮೂರನೆಯ, ಐದನೆಯ, ಏಳನೆಯ ದಿನ ಅರೆದು ಓದಿದೆವು. ಜೊತೆಗೆ ಸಕ್ಕರೆ ಬೆರೆಸಿದ ರಸ: ಗ್ಲೂಕೋಸ್, ಫ್ರಕ್ಟೋಸ್ ಸಮ ತೂಕದಲ್ಲಿ ಸೇರಿಸಿ, ಅಷ್ಟೇ ತೂಕದ ನೀರಲ್ಲಿ ಕರಗಿಸಿ, ಒಂದು ರಾತ್ರಿ ಬಿಟ್ಟು, 100 ಗ್ರಾಂ ರಸಕ್ಕೆ ಆ ದ್ರಾವಣ 4 ಗ್ರಾಂ. ಬ್ರಿಕ್ಸ್ 20, ಪೋಲ್ 17 ಇದ್ದ ರಸ ಲೆಕ್ಕದಂತೆ ಬ್ರಿಕ್ಸ್ 21.2, ಪೋಲ್ 15.8ರ ಸುಮಾರಿಗೆ ಬರಬೇಕು. ಒಂದು ಏರಿತು, ಇನ್ನೊಂದು ಇಳಿಯಿತು, ಜೋಡಿ ಮುರಿಯಿತು. ಪುಡಿಯನ್ನು ನೇರ ರಸಕ್ಕೆ ಹಾಕಿ ಕೂಡಲೇ ಪೋಲಾರಿಮೀಟರ್‌ಗೆ ಇಡಬೇಡಿ. ಹೊಸದಾಗಿ ಕರಗಿದ ಗ್ಲೂಕೋಸ್‌ನ ತಿರುವು 112ರಿಂದ 52.7 ಡಿಗ್ರಿಗೆ ನಿಧಾನ ಇಳಿಯುತ್ತದೆ, ನಿಮ್ಮ ಓದು ಕಣ್ಣೆದುರೇ ಜಾರುತ್ತಿರುತ್ತದೆ. ಏಳನೆಯ ದಿನದ ಕಬ್ಬಿನಲ್ಲಿ ಇನ್ನೊಂದು ಗೊಂದಲ: ಬ್ಯಾಕ್ಟೀರಿಯಾ ಕಟ್ಟುವ ಡೆಕ್ಸ್‌ಟ್ರಾನ್ ಸುಕ್ರೋಸ್‌ಗಿಂತ ಸುಮಾರು ಮೂರು ಪಟ್ಟು ಬೆಳಕು ತಿರುಗಿಸುತ್ತದೆ, ಪೋಲಾರಿಮೀಟರೇ ಹೆಚ್ಚು ಹೇಳುತ್ತದೆ. ಅಂಟು ಅಂಟಾದ ರಸಗಳನ್ನು ಮಾಡೆಲ್‌ನಿಂದ ಹೊರಗಿಟ್ಟೆವು, ಕಾರಣವನ್ನು ವಹಿಯಲ್ಲಿ ಬರೆದು.

ಇಂಥ 36 ರಸ ಸೇರಿಸಿ, ಅವನ್ನೇ ಏಳನೆಯ ಗುಂಪು ಮಾಡಿ, ಎಲ್ಲವನ್ನೂ ಮತ್ತೆ ಓಡಿಸಿದಾಗ 2100ರ ಪಟ್ಟಿ ಹಿಂದೆ ಸರಿದು 2270ರ ಪಕ್ಕದ ಇನ್ನೊಂದು ಪಟ್ಟಿ ಒಳಗೆ ಬಂತು. ತಾಜಾ ಕಬ್ಬಿನ ದೋಷ ತುಸು ಹೆಚ್ಚಿತು. ಹಳೆ ಕಬ್ಬಿನ ಇಳಿಜಾರು ಬಹುಪಾಲು ನೆಟ್ಟಗಾಯಿತು. ಈ ವ್ಯಾಪಾರ ನಮಗೆ ಒಪ್ಪಿಗೆ.

ಮುಂದಿನ ಹಂಗಾಮಿನ 60 ರಸಗಳಲ್ಲಿ ಒಟ್ಟು ದೋಷ 0.41 ಬಂತು, ಅದರಲ್ಲಿ ಬಯಾಸ್, ಅಂದರೆ ಎಲ್ಲ ಓದುಗಳೂ ಸರಾಸರಿಯಲ್ಲಿ ಒಂದೇ ಕಡೆ ವಾಲಿದ ತಪ್ಪು, 0.22. ವರ್ಗದಲ್ಲಿ ಕಳೆದರೆ ಉಳಿಯುವ ಚದುರಿಕೆ 0.35, ಅಂದರೆ ತಾಲ್ಲೂಕು ಬಿಟ್ಟು ಅಳೆದ ಅಂಕಿಯ ಆಸುಪಾಸೇ. ಬಯಾಸ್ ತಿದ್ದಲು ಮೊದಲ 20 ರಸ, ತಿದ್ದಿದ್ದು ಸರಿಯೇ ಅಂತ ನೋಡಲು ಉಳಿದ 40. ಎರಡಕ್ಕೂ ಒಂದೇ ರಸಗಳನ್ನು ಬಳಸಿದರೆ ಮತ್ತೆ ಅದೇ ಹಳೆ ಮೋಸ. 20 ರಸಗಳಿದ್ದಾಗ ಬಯಾಸ್ ಚದುರಿಕೆಯ 0.47 ಪಟ್ಟು ದಾಟಿದರೆ ಮಾತ್ರ ಅದನ್ನು ನಿಜ ಅನ್ನಬಹುದು. ನಮ್ಮಲ್ಲಿ ಆ ಗಡಿ 0.16. ಯಾರಾದರೂ ಆರ್‌ಪಿಡಿ (ಪೋಲ್‌ನ ಹರವನ್ನು ದೋಷದಿಂದ ಭಾಗಿಸಿದ ಅಂಕಿ) 3 ಅಂತ ಬೀಗಿದರೆ ಪೋಲ್ ಎಲ್ಲಿಂದ ಎಲ್ಲಿಯವರೆಗೆ ಹರಡಿತ್ತು ಅಂತ ಕೇಳಿ. ನವೆಂಬರ್‌ನ ಎಳೆ ಕಬ್ಬಿನಿಂದ ಮಾರ್ಚ್‌ನ ಮಾಗಿದ ಕಬ್ಬಿನವರೆಗೆ ಎಲ್ಲ ಸೇರಿಸಿದರೆ ಹರವು ದೊಡ್ಡದಾಗಿ ಅದು ತಾನಾಗಿಯೇ ಏರುತ್ತದೆ. ಜನವರಿಯ ಕಬ್ಬಿಗಷ್ಟೇ ಲೆಕ್ಕ ಹಾಕಿದಾಗ ನಮ್ಮದು 2ರ ಕೆಳಗೆ ಇಳಿಯಿತು.

ಈಗ ವಾರಕ್ಕೆ ಐದು ರಸ ಎರಡೂ ಕಡೆ ಓದಿಸಿ, ವ್ಯತ್ಯಾಸವನ್ನು ಚಾರ್ಟ್‌ನಲ್ಲಿ ಗುರುತು ಹಾಕುತ್ತಾರೆ. ಐದರಲ್ಲಿ ಒಂದಾದರೂ ಯಾರ್ಡ್‌ನಲ್ಲಿ ಕಾದ ಹಳೆ ಕಬ್ಬಿನದೇ ಆಗಿರಬೇಕು. ಲ್ಯಾಂಪ್ ಬದಲಿಸಿದ ದಿನ ಮುಚ್ಚಳ ಬಿಗಿದಿಟ್ಟ ಡಿಸ್ಟಿಲ್ಡ್ ನೀರಿನ ಸೆಲ್ ಅನ್ನು ಮೊದಲು ಸ್ಕ್ಯಾನ್ ಮಾಡಿ, 1450ರ ಶಿಖರ ಹಳೆಯ ಜಾಗದಲ್ಲೇ ಇದೆಯೇ ಅಂತ ನೋಡಿದ ಮೇಲೆಯೇ ರಸ ಒಳಗೆ ಹೋಗುತ್ತದೆ.